ನಿಕಾಹ್ ಒಂದು ದಿನ, ಕಾಗದಪತ್ರ ಏಳು ವರ್ಷ

2023ರ ಡಿಸೆಂಬರ್‌ನಲ್ಲಿ ಕರಾಚಿಯ ಯುವತಿಯೊಬ್ಬಳು ವಾಘಾ-ಅಟ್ಟಾರಿ ಗಡಿ ದಾಟಿ ಭಾರತಕ್ಕೆ ಬಂದಳು. ಕೋಲ್ಕತಾದ ಯುವಕನೊಂದಿಗೆ ಅವಳ ಮದುವೆ ನಿಶ್ಚಯವಾಗಿತ್ತು. ಹುಡುಗನ ಮನೆಯವರು ಗಡಿಯಲ್ಲೇ ಡೋಲು ಬಾರಿಸಿ ಬರಮಾಡಿಕೊಂಡ ಸುದ್ದಿಯನ್ನು ನೀವೂ ಓದಿರಬಹುದು. ಆ ಸಂಭ್ರಮದ ಹಿಂದೆ ಸುಮಾರು ಐದು ವರ್ಷಗಳ ಕಾಯುವಿಕೆ ಇತ್ತು. ವೀಸಾ ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು, ನಡುವೆ ಕೊರೊನಾ ಬಂತು. ಕೊನೆಗೆ ಸಿಕ್ಕಿದ್ದು 45 ದಿನಗಳ ವೀಸಾ.

ಹೆಚ್ಚಿನವರು ಸುದ್ದಿಯನ್ನು ಅಲ್ಲಿಗೇ ಓದಿ ಮುಗಿಸಿದರು. ಆದರೆ ಇಂಥ ದಂಪತಿಗಳ ನಿಜವಾದ ಕಾಯುವಿಕೆ ಶುರುವಾಗುವುದು ಮದುವೆಯ ನಂತರ. ಆ ಹಾದಿ ಹೇಗಿದೆ, ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡೋಣ. "ಭಾರತೀಯನನ್ನು ಮದುವೆಯಾದರೆ ಆಯ್ತಲ್ಲ, ಅವಳೂ ಭಾರತೀಯಳೇ" ಎಂದು ನಮ್ಮಲ್ಲಿ ಬಹಳ ಮಂದಿ ಹೇಳುತ್ತಾರೆ. ಹಾಗಿಲ್ಲ. ಮದುವೆಯಿಂದ ಸಿಗುವುದು ಪೌರತ್ವವಲ್ಲ, ಪೌರತ್ವಕ್ಕೆ ಅರ್ಜಿ ಹಾಕುವ ದಾರಿ ಮಾತ್ರ. 1955ರ ಪೌರತ್ವ ಕಾಯ್ದೆಯ 5(1)(ಸಿ) ಕಲಮು ಇದರ ಬಗ್ಗೆ ಹೇಳುತ್ತದೆ. ಆರಂಭದಲ್ಲಿ ಈ ಅವಕಾಶ ಇದ್ದದ್ದು ಭಾರತೀಯರನ್ನು ಮದುವೆಯಾದ ಹೆಣ್ಣುಮಕ್ಕಳಿಗೆ ಮಾತ್ರ. 1986ರ ತಿದ್ದುಪಡಿ ಗಂಡು-ಹೆಣ್ಣು ಇಬ್ಬರಿಗೂ ಅವಕಾಶ ಕೊಟ್ಟಿತು, ಜೊತೆಗೆ ಐದು ವರ್ಷ ಇಲ್ಲಿ ವಾಸವಿರಬೇಕೆಂಬ ಷರತ್ತನ್ನೂ ಹಾಕಿತು. 2003ರ ತಿದ್ದುಪಡಿ ಅದನ್ನು ಏಳು ವರ್ಷ ಮಾಡಿತು.

ಏಳು ವರ್ಷದ ಲೆಕ್ಕವೂ ಸರಳವಲ್ಲ. ಅರ್ಜಿ ಹಾಕುವ ಮುಂಚಿನ ಹನ್ನೆರಡು ತಿಂಗಳು ಎಡೆಬಿಡದೆ ಭಾರತದಲ್ಲೇ ಇರಬೇಕು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ ಇಲ್ಲಿ ಕಳೆದಿರಬೇಕು. ತವರಿನಲ್ಲಿ ತಾಯಿಗೆ ಹುಷಾರಿಲ್ಲ ಎಂದು ಆ ಕೊನೆಯ ವರ್ಷದಲ್ಲಿ ಹೊರಟರೆ ಲೆಕ್ಕ ತಪ್ಪಬಹುದು. ತಾಯಿಯೋ, ತಾರೀಕೋ ಎಂದು ಆರಿಸಿಕೊಳ್ಳಬೇಕಾದ ಕಷ್ಟ ಇದು.

ಹಾಗಾದರೆ ಈ ಏಳು ವರ್ಷ ಅವಳು ಯಾವ ಕಾಗದದ ಮೇಲೆ ಇಲ್ಲಿರುತ್ತಾಳೆ? ಅದು ಅವಳು ಯಾವ ದೇಶದವಳು ಎಂಬುದರ ಮೇಲೆ ಹೋಗುತ್ತದೆ. ಬೇರೆ ಹಲವು ದೇಶಗಳ ಸೊಸೆಯಂದಿರಿಗೆ ಒಂದು ಸುಲಭದ ದಾರಿಯಿದೆ. ಮದುವೆ ನೋಂದಣಿಯಾಗಿ ಎರಡು ವರ್ಷ ಮುಂದುವರಿದಿದ್ದರೆ ಸಾಗರೋತ್ತರ ಭಾರತೀಯ ಪೌರರ ಕಾರ್ಡಿಗೆ, ಅಂದರೆ ಒಸಿಐಗೆ, ಅರ್ಜಿ ಹಾಕಬಹುದು. ಆದರೆ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪೌರರಿಗೆ ಆ ಕಾರ್ಡು ಸಿಗುವುದಿಲ್ಲ. ಹೆತ್ತವರು, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿಯರಲ್ಲಿ ಒಬ್ಬರು ಆ ದೇಶಗಳ ಪೌರರಾಗಿದ್ದರೂ ಸಿಗುವುದಿಲ್ಲ.

ಈ ಎರಡು ದೇಶಗಳಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗಿರುವುದು ದೀರ್ಘಾವಧಿ ವೀಸಾ, ಕಚೇರಿಗಳ ಭಾಷೆಯಲ್ಲಿ ಎಲ್‌ಟಿವಿ. ಅಲ್ಪಾವಧಿ ವೀಸಾದಲ್ಲಿ ಬಂದು, ಮದುವೆಯಾಗಿ, ಅದಕ್ಕೆ ಅರ್ಜಿ ಹಾಕಬೇಕು. ಕೋಲ್ಕತಾದಲ್ಲಿ ಈ ಕೆಲಸಕ್ಕಿರುವುದು ಆಚಾರ್ಯ ಜಗದೀಶ್ ಚಂದ್ರ ಬೋಸ್ ರಸ್ತೆಯಲ್ಲಿರುವ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಎಫ್‌ಆರ್‌ಆರ್‌ಒ. ಅರ್ಜಿ ಈಗ ಆನ್‌ಲೈನ್. ಹಾಗಂತ ಕಾಯುವುದೇನೂ ತಪ್ಪಿಲ್ಲ. ಪೊಲೀಸ್ ವಿಚಾರಣೆ, ಗುಪ್ತಚರ ವಿಭಾಗದ ವರದಿ, ದಿಲ್ಲಿಯ ಗೃಹ ಸಚಿವಾಲಯ ಹೀಗೆ ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ. ಏಳು ವರ್ಷ ಮುಗಿದ ಮೇಲೆ ಪೌರತ್ವದ ಅರ್ಜಿಗೂ ಇದೇ ಥರದ ಪ್ರಯಾಣ: ಜಿಲ್ಲಾಧಿಕಾರಿ, ರಾಜ್ಯ ಸರಕಾರ, ಕೇಂದ್ರ ಸರಕಾರ. ಕೊನೆಗೆ ಹುಟ್ಟಿದ ದೇಶದ ಪೌರತ್ವವನ್ನೂ ಬಿಟ್ಟುಕೊಡಬೇಕು, ಯಾಕೆಂದರೆ ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕಾಯುವಿಕೆಯಲ್ಲಿ ದೊಡ್ಡ ಅಪಾಯ ವಿಳಂಬವಲ್ಲ, ತಾರೀಕು ಮೀರುವುದು. ಸರಿಯಾದ ಪಾಸ್‌ಪೋರ್ಟು, ವೀಸಾ ಹಿಡಿದು ಬಂದವರೂ ಅನುಮತಿಯ ಅವಧಿ ಮೀರಿ ಉಳಿದರೆ ಪೌರತ್ವ ಕಾಯ್ದೆಯ ಪ್ರಕಾರ "ಅಕ್ರಮ ವಲಸಿಗ" ಆಗುತ್ತಾರೆ. ಅಕ್ರಮ ವಲಸಿಗರಿಗೆ 5ನೇ ಕಲಮಿನಡಿ ಅರ್ಜಿ ಹಾಕುವ ಹಕ್ಕೇ ಇಲ್ಲ. ಇನ್ನೊಂದು ಪರಿಣಾಮ ಇದಕ್ಕಿಂತ ಗಂಭೀರ. 2004ರ ಡಿಸೆಂಬರ್ 3ರ ನಂತರ ಭಾರತದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಪೌರನಾಗಬೇಕಾದರೆ ತಂದೆ-ತಾಯಿ ಇಬ್ಬರೂ ಭಾರತೀಯರಾಗಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಮತ್ತೊಬ್ಬರು ಮಗು ಹುಟ್ಟುವ ಹೊತ್ತಿಗೆ ಅಕ್ರಮ ವಲಸಿಗರಾಗಿರಬಾರದು. ಅಂದರೆ, ತಾಯಿಯ ವೀಸಾ ಮುಗಿದ ಸಮಯದಲ್ಲಿ ಹುಟ್ಟಿದ ಮಗುವಿನ ಪೌರತ್ವಕ್ಕೇ ಪ್ರಶ್ನೆ ಬರಬಹುದು. ತಂದೆ ತಲೆತಲಾಂತರದಿಂದ ಕೋಲ್ಕತಾದವನಾಗಿದ್ದರೂ ಅದು ಮಗುವನ್ನು ಕಾಪಾಡುವುದಿಲ್ಲ. ತಾಯಿಯ ಒಂದು ಅರ್ಜಿ ತಡವಾದದ್ದಕ್ಕೆ ಮಗು ಬೆಲೆ ತೆರಬೇಕಾಗುತ್ತದೆ.

ಕಾಗದದ ಈ ವ್ಯತ್ಯಾಸ ಎಂಥದ್ದೆಂದು 2025ರ ಏಪ್ರಿಲ್‌ನಲ್ಲಿ ದೇಶವೇ ನೋಡಿತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಅಮಾಯಕರ ಹತ್ಯೆಯಾಯಿತು. ಕೆಲವೇ ದಿನಗಳಲ್ಲಿ ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ಕೇಂದ್ರ ಸರಕಾರ ರದ್ದು ಮಾಡಿತು. ಹೆಚ್ಚಿನ ವೀಸಾಗಳಿಗೆ ಏಪ್ರಿಲ್ 27 ಕೊನೆಯ ದಿನ, ವೈದ್ಯಕೀಯ ವೀಸಾಕ್ಕೆ ಏಪ್ರಿಲ್ 29. ದೀರ್ಘಾವಧಿ ವೀಸಾ ಇದ್ದವರಿಗೆ ವಿನಾಯಿತಿ ಸಿಕ್ಕಿತು. ಮದುವೆಯಾಗಿ ಮಕ್ಕಳಿದ್ದ ಇಬ್ಬರು ಹೆಂಗಸರಲ್ಲಿ ಎಲ್‌ಟಿವಿ ಕೈಗೆ ಬಂದವಳು ಮನೆಯಲ್ಲಿ ಉಳಿಯಬಹುದಿತ್ತು, ಸಾಮಾನ್ಯ ವೀಸಾದಲ್ಲಿದ್ದವಳು ಗಂಟು ಕಟ್ಟಬೇಕಿತ್ತು. ಅಟ್ಟಾರಿಯಲ್ಲಿ ತಾಯಿಯ ಪಾಸ್‌ಪೋರ್ಟ್ ಒಂದು ದೇಶದ್ದು, ಮಕ್ಕಳದ್ದು ಇನ್ನೊಂದು ದೇಶದ್ದು ಎಂದು ಕುಟುಂಬಗಳು ಬೇರೆಯಾದ ದೃಶ್ಯಗಳನ್ನು ಟಿವಿಯಲ್ಲಿ ಕಂಡೆವು.

ಇದು ಕೋಲ್ಕತಾದ ಕಥೆ, ನಮಗೇನು ಎಂದು ಕೇಳಬೇಡಿ. ಭಟ್ಕಳದಲ್ಲಿ ಗಡಿಯಾಚೆಗಿನ ಸಂಬಂಧಗಳು ಹೊಸತಲ್ಲ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಹುಡುಗರಿಗೆ ಅಲ್ಲೇ ಬೇರೆ ದೇಶದ ಕುಟುಂಬಗಳ ಪರಿಚಯವಾಗುತ್ತದೆ. ಕಾನೂನು ಎಲ್ಲ ಊರಿಗೂ ಒಂದೇ.

ಹಾಗಾಗಿ ಕೆಲವು ಮಾತುಗಳನ್ನು ನೆನಪಿಡಿ.

ನಿಕಾಹ್‌ನಾಮಾ ಜೋಪಾನವಾಗಿರಲಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬಂಗಾಳದಲ್ಲಿ 1876ರಷ್ಟು ಹಳೆಯ ಕಾನೂನೊಂದಿದೆ. ಅದರಂತೆ ಸರಕಾರದಿಂದ ಪರವಾನಗಿ ಪಡೆದ ಮುಸ್ಲಿಂ ವಿವಾಹ ನೋಂದಣಾಧಿಕಾರಿಯ ಬಳಿ ಮದುವೆಯನ್ನು ದಾಖಲಿಸಬಹುದು. ಕರ್ನಾಟಕದಲ್ಲಿ 1976ರ ವಿವಾಹ ನೋಂದಣಿ ಕಾಯ್ದೆ ಇದೆ. ಖಾಝಿಯವರ ಪುಸ್ತಕದಲ್ಲಿ ಹೆಸರು ಬಿದ್ದ ವಾರದಲ್ಲೇ ನೋಂದಣಿಗೂ ಹೋಗಿ. 45 ದಿನದ ವೀಸಾದಲ್ಲಿ ವಲೀಮಾ, ನೆಂಟರ ಮನೆ ಎಂದು ಒಂದು ತಿಂಗಳು ಕಳೆದರೆ ಉಳಿಯುವುದೆಷ್ಟು?

ಹೆಸರಿನ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇರಲಿ. ಒಂದರಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಬರೀ ಎಂಡಿ. ನಮಗೆ ಇದು ಸಣ್ಣ ವಿಷಯ, ಕಡತ ನೋಡುವವರಿಗೆ ಅವರು ಮೂರು ಜನ.

ವೀಸಾ ಮುಗಿಯುವ ತಾರೀಕನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ವಿಸ್ತರಣೆಯ ಅರ್ಜಿ ಅದಕ್ಕೂ ಸಾಕಷ್ಟು ಮೊದಲೇ ಹೋಗಬೇಕು. ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಿ, ಅದನ್ನು ನವೀಕರಿಸುವುದು ಅವಳ ದೇಶದ ದೂತಾವಾಸ. ಪ್ರತಿ ಅರ್ಜಿಯ ಪ್ರತಿ, ಸ್ವೀಕೃತಿ ಸಂಖ್ಯೆ, ಕಟ್ಟಿದ ಹಣದ ರಸೀದಿ ಒಂದೇ ಫೈಲಿನಲ್ಲಿರಲಿ.

ಉತ್ತರ ಬಾರದಿದ್ದರೆ ಮಧ್ಯವರ್ತಿಯ ಬಳಿ ಓಡಬೇಡಿ. ಗಂಡ ಭಾರತದ ಪೌರನಾದ್ದರಿಂದ ಕಡತ ಎಲ್ಲಿದೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅವನೇ ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ. ಅದೂ ಆಗದಿದ್ದರೆ ವಕೀಲರ ಮೂಲಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವ ದಾರಿಯಿದೆ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಕಾಯುವ ವರ್ಷಗಳಲ್ಲಿ ಹೆಚ್ಚು ಒಂಟಿಯಾಗುವುದು ಬಂದ ಹುಡುಗಿ. ಅವಳಿಗೆ ಊರಿನ ಭಾಷೆ ಹೊಸದು, ತವರು ಗಡಿಯಾಚೆ, ಪ್ರತಿ ಸಲ ಬಾಗಿಲು ಬಡಿದಾಗ ಪೊಲೀಸರೇ ಇರಬಹುದೆಂಬ ಅಂಜಿಕೆ. ಅವಳ ಪಾಸ್‌ಪೋರ್ಟನ್ನು ಅತ್ತೆಯ ಕಪಾಟಿನಲ್ಲಿ ಬೀಗ ಹಾಕಿಡಬೇಡಿ. ಫೈಲಿನಲ್ಲಿ ಏನೇನಿದೆ, ಯಾವ ತಾರೀಕು ಯಾವುದು ಎಂದು ಅವಳಿಗೂ ಗೊತ್ತಿರಲಿ. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ. ಮಾಡಬೇಕಾದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿ, ಆಮೇಲೆ ಕಾಯುವುದು. ಆ ಕೆಲಸವನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಮಾಡಲಿ.