ಸನ್ನಿ ಸೈಡ್‌ನಲ್ಲಿ ಶಾಂತಿಗೊಂದು ಕೋಣೆ

ಮಡಿಕೇರಿಯ ‘ಸನ್ನಿ ಸೈಡ್’ ಎಂಬ ಹಳೆಯ ಬಂಗಲೆಯನ್ನು ನಾನು ಮೊದಲ ಬಾರಿಗೆ ಹೊಕ್ಕದ್ದು ವಾಹನ ಚಾಲನಾ ಪರವಾನಗಿಯ ಅರ್ಜಿ ಹಿಡಿದು. ಆಗ ಅಲ್ಲಿ ಪ್ರಾದೇಶಿಕ ಸಾರಿಗೆ ಕಚೇರಿಯಿತ್ತು. ಸಾಲಿನಲ್ಲಿ ನನ್ನ ಹಿಂದಿದ್ದ ಹಿರಿಯರೊಬ್ಬರು, ‘ಇದು ನಮ್ಮ ಜನರಲ್ ತಿಮ್ಮಯ್ಯನವರ ಮನೆ, ಗೊತ್ತುಂಟಾ?’ ಎಂದು ಕೇಳಿದರು. ಗೊತ್ತಿರಲಿಲ್ಲ. ಆ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮಾಜಿ ಸೈನಿಕರು ಮತ್ತು ಜಿಲ್ಲೆಯ ಅಭಿಮಾನಿಗಳು ವರ್ಷಗಟ್ಟಲೆ ಪಟ್ಟು ಹಿಡಿದದ್ದರಿಂದ ಆ ಮನೆಗೆ ಮರುಜನ್ಮ ದೊರೆಯಿತು. 2021ರ ಫೆಬ್ರುವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಒಂದು ಕಟ್ಟಡವನ್ನು ಕೆಡವದೆ ಅದರ ನೆನಪನ್ನು ಉಳಿಸಿಕೊಂಡು ಹೊಸ ಕೆಲಸಕ್ಕೆ ಹಚ್ಚುವುದು ಹೇಗೆಂಬುದಕ್ಕೆ ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇರಲಾರದು.

ಆದರೂ ಅಲ್ಲಿಗೆ ಹೋದಾಗಲೆಲ್ಲ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಮಕ್ಕಳು ಮೊದಲು ಓಡುವುದು ಅಂಗಳದ ಟ್ಯಾಂಕಿನ ಬಳಿಗೆ. ಅದು ಸಹಜವೇ. 1948ರ ನವೆಂಬರಿನಲ್ಲಿ ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ ಸೇನಾನಿ ಅವರು. ಆದರೆ ಜಗತ್ತು ತಿಮ್ಮಯ್ಯನವರನ್ನು ನೆನೆಯುವುದು ಗೆದ್ದ ಕಾಳಗಕ್ಕಿಂತ ಹೆಚ್ಚಾಗಿ ತಡೆದ ಕಾಳಗಗಳಿಗಾಗಿ.

1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳ ಭವಿಷ್ಯ ಜಗತ್ತಿನ ತಲೆನೋವಾಗಿತ್ತು. ಅದನ್ನು ಬಗೆಹರಿಸಲು ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಭಾರತದ ಸೈನಿಕರು ತನ್ನ ನೆಲವನ್ನು ತುಳಿಯಕೂಡದೆಂದು ದಕ್ಷಿಣ ಕೊರಿಯಾ ಹಟ ಹಿಡಿದದ್ದರಿಂದ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು. ಎರಡೂ ಬಣಗಳ ಬೈಗುಳ ಕೇಳುತ್ತ, ಪ್ರತಿಯೊಬ್ಬ ಸೆರೆಯಾಳಿಗೂ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವ ಹಕ್ಕಿದೆ ಎಂಬ ನಿಲುವಿಗೆ ಅಂಟಿಕೊಳ್ಳುವುದು ಗುಂಡು ಹಾರಿಸುವುದಕ್ಕಿಂತ ಕಷ್ಟದ ಕೆಲಸ.

ನಿವೃತ್ತಿಯ ಬಳಿಕ, 1964ರಲ್ಲಿ, ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ಹೊಣೆ ಅವರ ಹೆಗಲೇರಿತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳು ಪರಸ್ಪರ ಕತ್ತು ಹಿಸುಕುತ್ತಿದ್ದ ದಿನಗಳವು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಅವರು ಅಲ್ಲಿ ಹೃದಯಾಘಾತದಿಂದ ನಿಧನರಾದರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಕಾ ನಗರದ ಒಂದು ರಸ್ತೆಗೆ ಅವರ ಹೆಸರಿದೆ.

ಅವರು ಕಣ್ಣು ಮುಚ್ಚಿದ ದ್ವೀಪ ಅಂದಿನ ಗಾಯಕ್ಕೆ ಇಂದು ಹೇಗೆ ಮದ್ದು ಹಚ್ಚುತ್ತಿದೆ? ರಾಜಧಾನಿ ನಿಕೋಸಿಯಾವನ್ನು ಇಬ್ಭಾಗಿಸಿರುವ ತಡೆವಲಯದಲ್ಲಿ ಪಾಳುಬಿದ್ದಿದ್ದ ಕಟ್ಟಡವೊಂದನ್ನು ಇತಿಹಾಸದ ಅಧ್ಯಾಪಕರು ಮತ್ತು ಸಂಶೋಧಕರ ಒಂದು ಸಂಘ ದುರಸ್ತಿ ಮಾಡಿ, 2011ರಲ್ಲಿ ಎರಡೂ ಸಮುದಾಯದವರು ಕೂಡಿ ಕುಳಿತುಕೊಳ್ಳುವ ‘ಸಹಕಾರದ ಮನೆ’ಯಾಗಿ ತೆರೆಯಿತು. ನಿಂತುಹೋದ ಹಳೆಯ ವಿಮಾನ ನಿಲ್ದಾಣದ ಬಳಿ, ವಿಶ್ವಸಂಸ್ಥೆಯ ರಕ್ಷಣೆಯಲ್ಲಿರುವ ಪ್ರಯೋಗಾಲಯದಲ್ಲಿ ಎರಡೂ ಸಮುದಾಯಗಳ ವಿಜ್ಞಾನಿಗಳು ಜತೆಯಾಗಿ ಮೂಳೆಗಳನ್ನು ಜೋಡಿಸುತ್ತಾರೆ. 1963–64 ಮತ್ತು 1974ರ ಹಿಂಸಾಚಾರದಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿದ್ದವರು 2,002 ಮಂದಿ. ಡಿಎನ್‌ಎ ಪರೀಕ್ಷೆಯ ನೆರವಿನಿಂದ ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಗುರುತಿಸಿ ಮನೆಯವರಿಗೆ ಒಪ್ಪಿಸಲಾಗಿದೆ. ತಂತ್ರಜ್ಞಾನಕ್ಕೆ ಮಾನವೀಯ ಮುಖವೆಂಬುದು ಇದ್ದರೆ ಅದು ಇದೇ.

ಇದಕ್ಕೂ ಕೊಡಗಿಗೂ ಏನು ಸಂಬಂಧ ಎಂದು ಕೇಳಬಹುದು. 2018ರ ಆಗಸ್ಟ್ ಅನ್ನು ನೆನೆಯಿರಿ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲುಗಳಲ್ಲಿ ಗುಡ್ಡಗಳೇ ಕುಸಿದಾಗ ವಿದ್ಯುತ್ತಿಲ್ಲ, ರಸ್ತೆಯಿಲ್ಲ, ಫೋನಿಲ್ಲ. ತಲೆಮಾರುಗಳಿಂದ ದೇಶಕ್ಕೆ ಸೈನಿಕರನ್ನು ಕೊಟ್ಟ ನಾಡಿನ ಜನ ತಮ್ಮ ನೆಲದಲ್ಲೇ ನಿರಾಶ್ರಿತರಾದರು. ಶಾಲೆಗಳು, ಸಮುದಾಯ ಭವನಗಳು ರಾತ್ರೋರಾತ್ರಿ ಆಸರೆಯ ತಾಣಗಳಾದವು. 2019ರಲ್ಲಿ ಮತ್ತೆ ಗುಡ್ಡ ಜರಿಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು.

ಈ ನಾಡಿನಲ್ಲಿ ಜ್ಞಾನಕ್ಕೆ ಬರವಿಲ್ಲ. ಅದನ್ನು ಒಂದೆಡೆ ಕೂಡಿಸುವವರಿಲ್ಲ ಅಷ್ಟೆ. ಕಾಫಿ ಬೆಳೆಗಾರರು ದಿನವೂ ಮಳೆಮಾಪಕ ನೋಡಿ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಮಳೆ ಬರೆದಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಪುಸ್ತಕಗಳು ಈಗಲೂ ಅಟ್ಟದ ಮೇಲಿವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ಈ ಹಳೆಯ ಲೆಕ್ಕ ಮತ್ತು ಹೊಸ ಯಂತ್ರಗಳನ್ನು ಬೆಸೆದರೆ ಯಾವ ಇಳಿಜಾರಿನಲ್ಲಿ ಎಷ್ಟು ಮಳೆಗೆ ಜನರನ್ನು ಎಬ್ಬಿಸಬೇಕೆಂಬುದು ಇನ್ನಷ್ಟು ಖಚಿತವಾಗಿ ತಿಳಿದೀತು. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ದುಡಿದು ಊರಿಗೆ ಮರಳಿದವರು ನಾಲ್ಕು ಹುಡುಗರಿಗೆ ಹ್ಯಾಮ್ ರೇಡಿಯೊ ಕಲಿಸಿದರೆ, ಮೊಬೈಲ್ ಗೋಪುರ ಉರುಳಿದ ರಾತ್ರಿಯೂ ಒಂದು ದನಿ ಹೊರಜಗತ್ತನ್ನು ತಲುಪೀತು.

ಆದ್ದರಿಂದ ನನ್ನದೊಂದು ವಿನಂತಿ. ಸನ್ನಿ ಸೈಡ್‌ನ ಒಂದು ಕೋಣೆ ಈ ಕೆಲಸಕ್ಕೆ ಮೀಸಲಾಗಲಿ. ಆ ಮಳೆ ಪುಸ್ತಕಗಳ ಪ್ರತಿ ಅಲ್ಲಿರಲಿ, ರೇಡಿಯೊ ತರಬೇತಿ ಅಲ್ಲಿ ನಡೆಯಲಿ. ವಿಶ್ವಸಂಸ್ಥೆಯ ಶಾಂತಿಪಾಲಕರ ದಿನವಾದ ಮೇ 29ರಂದು, ನೀಲಿ ಟೊಪ್ಪಿಗೆ ಧರಿಸಿ ಪರದೇಶದಲ್ಲಿ ಜೀವ ತೆತ್ತ 160ಕ್ಕೂ ಹೆಚ್ಚು ಭಾರತೀಯರ ಹೆಸರನ್ನು ಅಲ್ಲಿ ಓದಲಿ. ಮುಂಗಾರು ಕಾಲಿಡುವ ಮುನ್ನ ಬರುವ ಆ ದಿನವೇ ವರ್ಷದ ಮಳೆಗೆ ಸಿದ್ಧತೆಯ ದಿನವೂ ಆಗಲಿ.

2023ರ ಆಗಸ್ಟಿನಲ್ಲಿ ಬಸ್ಸೊಂದು ಡಿಕ್ಕಿ ಹೊಡೆದು ಮಡಿಕೇರಿಯ ತಿಮ್ಮಯ್ಯ ಪ್ರತಿಮೆ ಉರುಳಿದಾಗ ಜಿಲ್ಲೆಯೇ ಮರುಗಿತು. ಪ್ರತಿಮೆಯನ್ನು ಮತ್ತೆ ನಿಲ್ಲಿಸಲಾಯಿತು. ಆ ಕಾಳಜಿಯ ಒಂದು ಪಾಲು ಅವರ ಕೆಲಸಕ್ಕೂ ಸಲ್ಲಬೇಕು. ಕೈಲ್ ಮುಹೂರ್ತದಂದು ನಾವು ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಕೈಮುಗಿಯುತ್ತೇವೆ. ನಾಟಿಯ ದಿನಗಳುದ್ದಕ್ಕೂ ಆ ಕೋವಿ ದೇವರ ಕೋಣೆಯಲ್ಲಿ ಸುಮ್ಮನಿರುತ್ತದೆ. ಹಾಗೆ ಸುಮ್ಮನಿರಿಸುವ ಸಂಯಮವನ್ನೇ ತಿಮ್ಮಯ್ಯನವರು ಕೊರಿಯಾಕ್ಕೂ ಸೈಪ್ರಸ್‌ಗೂ ಒಯ್ದರು. ಸನ್ನಿ ಸೈಡ್‌ಗೆ ಬರುವ ಮಕ್ಕಳು ಟ್ಯಾಂಕನ್ನು ಮುಟ್ಟಿ ನೋಡಿದ ಮೇಲೆ ಈ ಕಥೆಯನ್ನೂ ಕೇಳಿಕೊಂಡು ಮನೆಗೆ ಹೋಗಬೇಕು.