ಯಾವ ಸೇರು? ಅಳತೆಯ ಪದಗಳಿಗೆ ಅರ್ಥ ಬರೆಯುವಾಗ

ಗಡಿನಾಡಿನ ಪದಸಂಗ್ರಹ ಮಾಡುವವರು ‘ಸೇರು’ ಎಂಬುದರ ಎದುರು 933 ಗ್ರಾಂ ಎಂದು ಬರೆದು ಮುಂದೆ ಹೋಗುವುದುಂಟು. ಲೆಕ್ಕ ತಪ್ಪಲ್ಲ. ಆದರೆ ಅದು 80 ತೊಲದ ಸರಕಾರಿ ಸೇರು. ಆ ತೊಲವಾದರೂ 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ರೂಪಾಯಿಯ ತೂಕಕ್ಕೆ, ಅಂದರೆ 180 ಗ್ರೇನಿಗೆ, ಕಟ್ಟಿಹಾಕಿದ್ದು. ಕಾಸರಗೋಡಿನ ಕಡೆ ಅಕ್ಕಿ ಅಳೆದದ್ದು ಪಾತ್ರೆಯ ಸೇರಿನಲ್ಲಿ: 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಇದನ್ನು ಗ್ರಾಮಿಗೆ ತಿರುಗಿಸಬೇಕಾದರೆ ಒಳಗಿದ್ದದ್ದು ಭತ್ತವೋ ಅಕ್ಕಿಯೋ, ತಲೆ ಸವರಿದ್ದೋ ಗೋಪುರ ಕಟ್ಟಿದ್ದೋ ಎಂದು ಕೇಳಲೇಬೇಕು.

ಇದೆಲ್ಲ ಹಳ್ಳಿಯವರ ಅಜ್ಞಾನದ ಗೊಂದಲ ಎನ್ನುವವರು ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣವನ್ನು ಒಮ್ಮೆ ಬಿಡಿಸಿ ನೋಡಲಿ. ಎಂಟು ಯವದ ಕಾಳಿನ ನಡುವಿನ ಅಗಲ ಒಂದು ಅಂಗುಲ. ಇಲ್ಲವೇ ಮಧ್ಯಮ ಗಾತ್ರದ ಪುರುಷನ ನಡುಬೆರಳಿನ ನಡುಭಾಗದ ಅಗಲ. 24 ಅಂಗುಲಕ್ಕೆ ಒಂದು ಹಸ್ತ, ಸರಿ. ಆದರೆ ಹುಲ್ಲುಗಾವಲಿಗೆ 28, ಮರದ ಕಾಡಿಗೆ 54 ಅಂಗುಲದ ಹಸ್ತ! ಕೈ ಬೆಳೆಯಿತೇ? ಇಲ್ಲ, ಕೆಲಸ ಬೇರೆಯಾಯಿತು ಅಷ್ಟೆ.

ದ್ರೋಣದ ಸಂಗತಿ ಇನ್ನೂ ಸ್ವಾರಸ್ಯದ್ದು. ರಾಜನ ಆದಾಯ ಅಳೆಯುವ ದ್ರೋಣ 200 ಪಲದ್ದು, ವ್ಯವಹಾರದ್ದು 187½, ಸೇವಕರಿಗೆ ಕೊಡುವುದು 175, ಅಂತಃಪುರಕ್ಕೆ ಕೊಡುವುದು 162½. ತಕ್ಕೊಳ್ಳುವಾಗ ದೊಡ್ಡ ಪಾತ್ರೆ, ಕೊಡುವಾಗ ಚಿಕ್ಕದು. ಅದೂ ಕದ್ದುಮುಚ್ಚಿ ಅಲ್ಲ, ಶಾಸ್ತ್ರದಲ್ಲೇ ಬರೆದಿಟ್ಟು. ಪಾತ್ರೆಯ ಮೇಲೆ ನಿಲ್ಲುವ ರಾಶಿಗೆ ‘ಶಿಖಾ’ ಎಂದು ಹೆಸರಿಟ್ಟು, ಅಳತೆಯ ನಾಲ್ಕನೆಯ ಒಂದು ಪಾಲು ಅದಕ್ಕೆ ಸಲ್ಲಬೇಕೆಂದೂ ಹೇಳಿದ್ದಾನೆ.

ಮೀಟರೇನೂ ಪ್ರಕೃತಿ ಕೊಟ್ಟದ್ದಲ್ಲ. ಧ್ರುವದಿಂದ ವಿಷುವದ್ರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಪಾಲು ಎಂದು ಫ್ರೆಂಚರು ಹೊರಟರು. ಅಳೆದು 1799ರಲ್ಲಿ ಪಟ್ಟಿ ಮಾಡಿದಾಗ ಕೂದಲೆಳೆಯಷ್ಟು ಕಮ್ಮಿ ಬಿತ್ತು. 1983ರಿಂದ ಬೆಳಕು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರು. ಇಂಥ ವಿಕಾರ ಸಂಖ್ಯೆ ಯಾಕೆಂದರೆ, ರೂಢಿಯಾಗಿದ್ದ ಉದ್ದ ಬದಲಾಗಬಾರದಲ್ಲ! ಆದರೆ ಕೊಡುವವನಿಗೂ ಕೊಳ್ಳುವವನಿಗೂ ಅದು ಒಂದೇ. ದ್ರೋಣಕ್ಕೆ ಇಲ್ಲದ ಗುಣ ಇದು.

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ನಮ್ಮ ತೂಕ-ಅಳತೆಗಳ ಕಾಯಿದೆಯೂ ಆಯಿತು. ಪಾತ್ರೆಗಳು ಅಟ್ಟ ಹತ್ತಿದವು, ಮಾತು ಉಳಿಯಿತು. ಹಿರಿಯರ ಬಾಯಲ್ಲಿ ‘ಸೇರು’ ಬಂದಾಗ, ಅಳೆದದ್ದು ಏನನ್ನು, ಯಾರಿಗೆ ಕೊಡಲಿಕ್ಕೆ, ತಲೆ ಸವರಿಯೋ ಎಂದು ಅಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಪಾತ್ರೆಯೇ ಸಿಕ್ಕಿ, ಒಡಕಿಲ್ಲದಿದ್ದರೆ, ನೀರು ತುಂಬಿಸಿ ಮಿಲಿಲೀಟರಿನ ಲೆಕ್ಕವನ್ನೂ ಸೇರಿಸಬಹುದು.