ಶೌಚದ ನೀರಿಗೆ ಕಟ್ಟರ್ ಪಂಪು: ಎಚ್.ಪಿ. ಒಂದನ್ನೇ ನೋಡಿ ಕೊಳ್ಳಬೇಡಿ



ದೋಸೆ, ಕಾಫಿ, ಗ್ಯಾಸಿನ ದರ ಇವುಗಳ ಬಗ್ಗೆ ನಾವು ಎಷ್ಟೋ ಮಾತಾಡುತ್ತೇವೆ. ಶೌಚಾಲಯದ ಬಗ್ಗೆ ಬರೆಯಲು ಎಲ್ಲರಿಗೂ ಸಂಕೋಚ. ಆದರೆ ಲೋಣಾವಳಾದಂತಹ ಊರಿನಲ್ಲಿ ಗಿರಾಕಿ ಗಾಡಿ ನಿಲ್ಲಿಸುವುದು ಮೊದಲು ಶೌಚಾಲಯಕ್ಕೆ, ಆಮೇಲೆ ತಿಂಡಿಗೆ. ಅಲ್ಲಿ ವಾಸನೆ ಬಂದರೆ ಸಾಂಬಾರು ಎಷ್ಟು ಚೆನ್ನಾಗಿದ್ದರೂ ಮುಂದಿನ ಸಲ ಅವರು ಬರುವುದಿಲ್ಲ.

ಲೋಣಾವಳಾ ಸುಮಾರು 620 ಮೀಟರ್ ಎತ್ತರದ ಘಾಟಿನ ಊರು. ಇಲ್ಲಿ ಜಾಗ ಸಮತಟ್ಟಾಗಿ ಸಿಗುವುದು ಕಷ್ಟ. ಹೋಟೆಲಿನ ಮುಂಬಾಗಿಲು ರಸ್ತೆ ಮಟ್ಟದಲ್ಲಿದ್ದರೆ ಹಿಂದಿನ ರೂಮುಗಳು ಇಳಿಜಾರಿನಲ್ಲಿ ಹತ್ತು ಇಪ್ಪತ್ತು ಅಡಿ ಕೆಳಗಿರುತ್ತವೆ. ಕೆಳಗಿನ ಶೌಚದ ನೀರು ಮೇಲಿನ ಚೇಂಬರಿಗೆ ತಾನಾಗಿ ಹೋಗುವುದಿಲ್ಲ, ಪಂಪಿನಿಂದಲೇ ಎತ್ತಬೇಕು. ಹಾಗಾಗಿ ಇಲ್ಲಿನ ಅನೇಕರಿಗೆ ಕಟ್ಟರ್ ಪಂಪು, ಅಂದರೆ ಮಲವನ್ನು ಅರೆದು ತಳ್ಳುವ ಮ್ಯಾಸರೇಟರ್ ಪಂಪು ಬೇಕಾಗುತ್ತದೆ. ಇದನ್ನು ಆರಿಸುವುದು ಹೇಗೆ ಎಂಬುದನ್ನು ನಾವು ತಿಳಿದುಕೊಂಡ ಮಟ್ಟಿಗೆ ಇಲ್ಲಿ ಹೇಳುತ್ತೇವೆ.

ಮೊದಲ ಪ್ರಶ್ನೆ: ಪಂಪು ಬೇಕೇ?

ಕೆಳಗಿನ ಮಟ್ಟದಲ್ಲೇ ಸೆಪ್ಟಿಕ್ ಟ್ಯಾಂಕಿಗೆ ಜಾಗವಿದ್ದರೆ ಶೌಚದ ನೀರು ಇಳಿಜಾರಿನಲ್ಲೇ ಅದಕ್ಕೆ ಹೋಗಲಿ. ಗಟ್ಟಿ ತಳದಲ್ಲಿ ಕೂತ ಮೇಲೆ ಹೊರಬರುವ ನೀರನ್ನು ಮಾತ್ರ ಮೇಲೆತ್ತಿದರೆ ಸಾಕು. ಇದಕ್ಕೆ ಸಾದಾ ಸೀವೇಜ್ ಪಂಪು ನಡೆಯುತ್ತದೆ, ಬ್ಲೇಡಿನ ಖರ್ಚೂ ಇಲ್ಲ, ಬ್ಲಾಕ್ ಆಗುವ ಕಾಟವೂ ಕಡಿಮೆ. ಕೆಳಗೆ ಜಾಗವೇ ಇಲ್ಲದಿದ್ದಾಗ ಮಾತ್ರ ಕಟ್ಟರ್ ಪಂಪಿನ ಮಾತು.

ಮೂರು ಜಾತಿಯ ಪಂಪುಗಳು

ಅಂಗಡಿಯಲ್ಲಿ ಎಲ್ಲವನ್ನೂ 'ಕಟ್ಟರ್' ಎಂದೇ ತೋರಿಸುತ್ತಾರೆ. ವ್ಯತ್ಯಾಸ ತಿಳಿದಿರಬೇಕು.

ಒಂದು, ಕಮೋಡಿನ ಹಿಂದೆ ಡಬ್ಬಿಯ ಹಾಗೆ ಕೂರುವ ಸಣ್ಣ ಮ್ಯಾಸರೇಟರ್. ಒಂದು ರೂಮಿನ ಒಂದು ಕಮೋಡಿಗೆ ಇದು ಸರಿ. ಬಸ್ಸಿನಿಂದ ಇಳಿದ ಐವತ್ತು ಜನ ಸಾಲು ನಿಲ್ಲುವ ಸಾರ್ವಜನಿಕ ಶೌಚಾಲಯಕ್ಕೆ ಇದು ಆಗುವುದಿಲ್ಲ.

ಎರಡು, ಸಂಪಿನೊಳಗೆ ಮುಳುಗಿ ಕೂರುವ ಕಟ್ಟರ್ ಪಂಪು. ಇದರ ಚಕ್ರದ ಅಂಚಿನಲ್ಲಿ ಅಲಗು ಇರುತ್ತದೆ. ಗಟ್ಟಿ ಪದಾರ್ಥವನ್ನು ತುಂಡು ಮಾಡಿ ತಳ್ಳುತ್ತದೆ, ನುಣ್ಣಗೆ ಅರೆಯುವುದಿಲ್ಲ. ಇದಕ್ಕೆ ಪೈಪು ಸ್ವಲ್ಪ ದಪ್ಪ ಬೇಕು.

ಮೂರು, ಗ್ರೈಂಡರ್ ಪಂಪು. ನೀರು ಒಳಹೋಗುವ ಬಾಯಲ್ಲೇ ಬ್ಲೇಡ್ ತಿರುಗಿ ನುಣ್ಣಗೆ ಅರೆಯುತ್ತದೆ. ಸಣ್ಣ ಪೈಪಿನಲ್ಲಿ ಹೆಚ್ಚು ಎತ್ತರಕ್ಕೆ ತಳ್ಳುತ್ತದೆ. ಬೆಲೆ ಜಾಸ್ತಿ, ಬ್ಲೇಡ್ ಸವೆದಾಗ ಬದಲಿಸಬೇಕು.

ನಮ್ಮ ಅಡಿಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ, ದೋಸೆ ಹಿಟ್ಟಿಗೆ ಗ್ರೈಂಡರ್ ಇಟ್ಟುಕೊಳ್ಳುತ್ತೇವಲ್ಲ, ಹಾಗೆಯೇ ಇದು. ಕೆಲಸ ನೋಡಿ ಯಂತ್ರ.

ಟೇಪು ಹಿಡಿದು ಅಳತೆ ಮಾಡಿ

ಅಂಗಡಿಗೆ ಹೋಗುವ ಮೊದಲು ಮೂರು ಅಳತೆ ಕೈಯಲ್ಲಿರಲಿ: ಸಂಪಿನ ತಳದಿಂದ ಮೇಲಿನ ಚೇಂಬರಿಗೆ ಎತ್ತರ ಎಷ್ಟು, ಪೈಪಿನ ಒಟ್ಟು ಉದ್ದ ಎಷ್ಟು, ದಿನಕ್ಕೆ ನೀರು ಎಷ್ಟು.

ಒಂದು ಉದಾಹರಣೆ ಹಾಕಿ ನೋಡೋಣ. 12 ರೂಮು, 24 ಹಾಸಿಗೆ. ಸಾಧಾರಣ ಹೋಟೆಲುಗಳಿಗೆ ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್ ನೀರು ಎಂದು ಐ.ಎಸ್. 1172 ಎಂಬ ಭಾರತೀಯ ಮಾನಕದಲ್ಲಿದೆ. 24 ಹಾಸಿಗೆಗೆ 4,320 ಲೀಟರ್. ಅದರಲ್ಲಿ ಅರ್ಧ ಬೆಳಗಿನ ಎರಡು ಗಂಟೆಯಲ್ಲೇ ಬಂತು ಎಂದು ಹಿಡಿದರೂ ನಿಮಿಷಕ್ಕೆ 18 ಲೀಟರ್ ಮಾತ್ರ. ಬಸ್ಸಿನ 50 ಜನ ತಲಾ 10 ಲೀಟರ್ ಫ್ಲಶ್ ಮಾಡಿದರೆ 500 ಲೀಟರ್, 20 ನಿಮಿಷದಲ್ಲಿ ಬಂದರೆ ನಿಮಿಷಕ್ಕೆ 25 ಲೀಟರ್. ಎರಡೂ ಒಟ್ಟಿಗೆ ಬಂದರೂ 43 ಲೀಟರ್.

ಹಾಗಾದರೆ 43 ಲೀಟರಿನ ಪಂಪು ಸಾಕೇ? ಸಾಲದು. ಪೈಪಿನಲ್ಲಿ ನೀರು ತೀರಾ ನಿಧಾನ ಹೋದರೆ ಗಟ್ಟಿ ಅಲ್ಲಲ್ಲೇ ಕೂತು ಪೈಪು ಕಟ್ಟುತ್ತದೆ. ಸೆಕೆಂಡಿಗೆ ಸುಮಾರು 0.7 ಮೀಟರಾದರೂ ವೇಗ ಇರಬೇಕು. 2 ಇಂಚಿನ ಪೈಪಿನಲ್ಲಿ ಈ ವೇಗಕ್ಕೆ ನಿಮಿಷಕ್ಕೆ 80ರಿಂದ 90 ಲೀಟರ್ ಬೇಕು. 3 ಇಂಚಿನ ಪೈಪಿಗೆ 185 ಲೀಟರಿನ ಹತ್ತಿರ ಬೇಕು. ದಪ್ಪ ಪೈಪು ಹಾಕಿದರೆ ಒಳ್ಳೆಯದು ಎಂದು ಪ್ಲಂಬರ್ ಹೇಳಿದನೆಂದು 3 ಇಂಚು ಹಾಕಿ, ಪಂಪು ಮಾತ್ರ ಸಣ್ಣದು ಕೂರಿಸಿದರೆ ಆರು ತಿಂಗಳಲ್ಲಿ ಪೈಪು ಕಟ್ಟಬಹುದು.

ತೀರಾ ಸಣ್ಣ ಪೈಪೂ ಕಷ್ಟ. ಎತ್ತರ 20 ಅಡಿ, ಉದ್ದ 130 ಅಡಿ ಇದೆ ಎಂದುಕೊಳ್ಳಿ. 2 ಇಂಚಿನ ಪೈಪಿನಲ್ಲಿ ಮೇಲಿನ ಲೆಕ್ಕದ ನೀರು ಹೋಗುವಾಗ ತಿಕ್ಕಾಟಕ್ಕೆ ಎಲ್ಬೋ ಎಲ್ಲ ಸೇರಿ 3-4 ಅಡಿ ಖರ್ಚು. ಪಂಪು 24 ಅಡಿ ತಳ್ಳಿದರಾಯಿತು. ಅದೇ ನೀರು ಒಂದೂವರೆ ಇಂಚಿನ ಪೈಪಿನಲ್ಲಿ ಹೋಗಬೇಕಾದರೆ ತಿಕ್ಕಾಟವೇ ಸುಮಾರು 15 ಅಡಿ, ಒಟ್ಟು 35 ಅಡಿ. ಕರೆಂಟ್ ಬಿಲ್ಲು ಅಲ್ಲಿಗೆ ಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಪಂಪಿನ ಪಟ್ಟಿಯಲ್ಲಿ 'ಮ್ಯಾಕ್ಸಿಮಮ್ ಹೆಡ್ 18 ಮೀಟರ್, ಮ್ಯಾಕ್ಸಿಮಮ್ ಡಿಸ್ಚಾರ್ಜ್ 250 ಲೀಟರ್' ಎಂದು ಬರೆದಿರುತ್ತಾರೆ. ಇವೆರಡೂ ಒಟ್ಟಿಗೆ ಸಿಗುವುದಿಲ್ಲ. 18 ಮೀಟರಿಗೆ ಏರಿದಾಗ ನೀರು ಸೊನ್ನೆ. 250 ಲೀಟರ್ ಬರುವಾಗ ಎತ್ತರ ಬಹುತೇಕ ಸೊನ್ನೆ. ನಮ್ಮ 24 ಅಡಿಗೆ, ಅಂದರೆ ಸುಮಾರು ಏಳೂಕಾಲು ಮೀಟರಿಗೆ, ಎಷ್ಟು ಲೀಟರ್ ಬರುತ್ತದೆಂದು ಕಂಪನಿಯ ಕರ್ವ್ ನೋಡಿಯೇ ಹೇಳಬೇಕು. ಒಬ್ಬ ಡೀಲರ್ ನಮಗೆ ಕರ್ವ್ ತೋರಿಸುವ ಬದಲು "ಸೇಠ್, 3 ಎಚ್.ಪಿ. ಹಾಕಿಬಿಡಿ, ಚಿಂತೆಯೇ ಬೇಡ" ಎಂದಿದ್ದರು. ನಾವು ಬೇರೆ ಅಂಗಡಿ ನೋಡಿದೆವು. ಮೇಲಿನ ಉದಾಹರಣೆಗೆ 1 ಎಚ್.ಪಿ. ಆಸುಪಾಸಿನ ಪಂಪು ಸಾಕಾಗುತ್ತದೆ.

ಪಂಪಿಗೆ ಹಾಕಬಾರದ್ದು

ಯಾವ ಕಟ್ಟರ್ ಪಂಪೂ ಬಟ್ಟೆ, ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್, ಒದ್ದೆ ಟಿಶ್ಯೂ, ಗುಟ್ಕಾ ಪಾಕೀಟು, ಉದ್ದ ಕೂದಲು ಇವನ್ನು ದಿನವೂ ತಿಂದು ಬಾಳುವುದಿಲ್ಲ. ಲೋಣಾವಳಾದಲ್ಲಿ ಚಿಕ್ಕಿಯ ಪ್ಲಾಸ್ಟಿಕ್ ಕವರೂ ಸೇರುತ್ತದೆ. ಪ್ರತಿ ಶೌಚಾಲಯದಲ್ಲಿ ಮುಚ್ಚಳದ ಡಬ್ಬಿ ಇಟ್ಟು, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬೋರ್ಡು ಹಾಕಿ. ಇದು ಬ್ಲೇಡಿಗಿಂತ ಅಗ್ಗ. ಅಡಿಗೆಮನೆಯ ನೀರನ್ನೂ ಈ ಸಂಪಿಗೆ ಬಿಡಬೇಡಿ. ಎಣ್ಣೆ ತುಪ್ಪ ಹೆಪ್ಪುಗಟ್ಟಿ ಫ್ಲೋಟ್ ಅಂಟಿಕೊಂಡರೆ ಪಂಪು ಚಾಲೂ ಆಗುವುದೇ ಇಲ್ಲ. ಅದಕ್ಕೆ ಗ್ರೀಸ್ ಟ್ರ್ಯಾಪ್ ಹಾಕಿ ಬೇರೆ ದಾರಿ ಮಾಡಿ.

ಮಳೆ ನೀರು ಸಂಪಿಗೆ ಸೇರದಂತೆ ಸಂಪಿನ ಬಾಯಿ ನೆಲಕ್ಕಿಂತ ಎತ್ತರ ಕಟ್ಟಿ. ಇಲ್ಲಿ ವರ್ಷಕ್ಕೆ 4000 ಮಿ.ಮೀ. ಮಳೆ. 1000 ಚದರಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 9,000 ಲೀಟರಿಗೂ ಮಿಕ್ಕಿ ನೀರು. ಅದು 24 ಹಾಸಿಗೆಯ ಇಡೀ ದಿನದ ನೀರಿನ ಎರಡರಷ್ಟಾಯಿತು.

ಮನುಷ್ಯ ಇಳಿಯದ ಹಾಗೆ ಕೂರಿಸಿ

ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಪಂಪು ಎಂದಾದರೂ ಕಟ್ಟಿಯೇ ಕಟ್ಟುತ್ತದೆ, ಅದೂ ರಜೆಯ ದಿನ, ರೂಮೆಲ್ಲ ಭರ್ತಿ ಇರುವಾಗ. ಆಗ "ಬೇಗ ಇಳಿದು ನೋಡು" ಎಂದು ಯಾವ ಹುಡುಗನಿಗೂ ಹೇಳುವ ಪ್ರಸಂಗ ಬರಬಾರದು. ಮುಚ್ಚಿದ ಸಂಪಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಸೇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮನುಷ್ಯ ಕುಸಿದು ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿ ಪೇಪರಿನಲ್ಲಿ ಓದುವುದು ಹೀಗೆಯೇ. ನಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗರು ಅವರು. ಅವರ ತಂದೆ ತಾಯಿಗೆ ನಾವೇ ಉತ್ತರ ಕೊಡಬೇಕು.

ಕಾನೂನೂ ಇದೆ. 2013ರ ಕಾಯಿದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಸಿಗಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದ್ದರಿಂದ ಪಂಪು ಕೊಳ್ಳುವಾಗ ಗೈಡ್ ರೈಲು ಮತ್ತು ಸರಪಳಿ ಇರುವುದನ್ನೇ ಕೇಳಿ. ಮೇಲೆ ನಿಂತು ಸರಪಳಿ ಎಳೆದರೆ ಪಂಪು ಬಿಚ್ಚಿಕೊಂಡು ಮೇಲೆ ಬರುತ್ತದೆ, ಬಿಟ್ಟರೆ ತಾನೇ ಹೋಗಿ ಕೂರುತ್ತದೆ. ಎನ್.ಆರ್. ವಾಲ್ವ್ ಮತ್ತು ಗೇಟ್ ವಾಲ್ವ್ ಸಂಪಿನ ಹೊರಗೆ ಬೇರೆ ಚೇಂಬರಿನಲ್ಲಿರಲಿ. ಗಾಳಿ ಹೋಗಲು ವೆಂಟ್ ಪೈಪನ್ನು ಮಾಡಿಗಿಂತ ಮೇಲಕ್ಕೆ ಒಯ್ಯಿರಿ. ಪಂಪು ಎರಡು ಇರಲಿ. ಒಂದು ಕೆಟ್ಟಾಗ ಇನ್ನೊಂದು ನಡೆದರೆ ಯಾರಿಗೂ ಅವಸರ ಇರುವುದಿಲ್ಲ. ಸಂಪು ತುಂಬಿದಾಗ ಕೌಂಟರಿನಲ್ಲಿ ಬಡಿಯುವ ಅಲಾರಂ ಬೆಲ್ಲು ಹಾಕಿ. ಪಂಪಿನ ಲೈನಿಗೆ ಇ.ಎಲ್.ಸಿ.ಬಿ. ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗುವುದುಂಟು, ಜನರೇಟರಿನ ಲೆಕ್ಕದಲ್ಲಿ ಈ ಪಂಪನ್ನೂ ಸೇರಿಸಿ. ಹೂಳು ತೆಗೆಯಲು ಸಕ್ಷನ್ ಟ್ಯಾಂಕರನ್ನೇ ಕರೆಸಿ.

ಅರೆದರೆ ಶುದ್ಧವಾಗುವುದಿಲ್ಲ

ಅರೆದ ಮಲ ಕಣ್ಣಿಗೆ ಕಾಣದಿರಬಹುದು, ಕೊಳೆ ಅಷ್ಟೇ ಇರುತ್ತದೆ. ನುಣ್ಣಗಾದದ್ದು ಸೆಪ್ಟಿಕ್ ಟ್ಯಾಂಕಿನಲ್ಲಿ ಬೇಗ ತಳ ಕೂರುವುದಿಲ್ಲವಾದ್ದರಿಂದ ಟ್ಯಾಂಕ್ ಸ್ವಲ್ಪ ದೊಡ್ಡದೇ ಬೇಕು. ರಾತ್ರಿ ಮಳೆಯಲ್ಲಿ ಹಳ್ಳಕ್ಕೆ ಬಿಡುವವರೂ ಇದ್ದಾರೆಂದು ಕೇಳುತ್ತೇವೆ. ಇಂದ್ರಾಯಣಿ ಹುಟ್ಟುವುದು ಇದೇ ಲೋಣಾವಳಾದ ಬೆಟ್ಟದಲ್ಲಿ. ಕೆಳಗೆ ದೇಹು, ಆಳಂದಿಯಲ್ಲಿ ಭಕ್ತರು ಅದೇ ನೀರಿನಲ್ಲಿ ಸ್ನಾನ ಮಾಡುತ್ತಾರೆ. ಹೊಟ್ಟೆಪಾಡು ಕೊಟ್ಟ ಊರಿಗೆ ಇದನ್ನು ಮಾಡಬಾರದು.

ಕ್ಯಾರವಾನ್ ಬಂದರೆ

ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿದೆ. ಮಲಗುವ ಹಾಸಿಗೆ, ಶೌಚಾಲಯ ಎಲ್ಲ ಇರುವ ಈ ಗಾಡಿಗಳ ಟ್ಯಾಂಕ್ ಖಾಲಿ ಮಾಡಲು 12 ವೋಲ್ಟ್ ಬ್ಯಾಟರಿಯ ಸಣ್ಣ ಮ್ಯಾಸರೇಟರ್ ಇರುತ್ತದೆ. ನಿಮಿಷಕ್ಕೆ ಸುಮಾರು 40 ಲೀಟರ್, ಕೆಲವೇ ನಿಮಿಷ ಓಡಿಸುವಂಥದ್ದು. ಅನೇಕವುಗಳಲ್ಲಿ ರಬ್ಬರಿನ ಚಕ್ರ, ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದೆ. ಅಗ್ಗ ಎಂದು ಇದನ್ನು ಹೋಟೆಲಿಗೆ ಕೂರಿಸಿದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾದೀತು. ಗಾಡಿಯವರು ಟ್ಯಾಂಕ್ ಖಾಲಿ ಮಾಡಲು ಜಾಗ ಕೇಳಿದರೆ ಒಳಗೆ ಯಾವ ರಾಸಾಯನಿಕ ಹಾಕಿದ್ದಾರೆಂದು ಮೊದಲು ವಿಚಾರಿಸಿ. ಫಾರ್ಮಾಲ್ಡಿಹೈಡ್ ಇದ್ದರೆ ನಮ್ಮ ಸೆಪ್ಟಿಕ್ ಟ್ಯಾಂಕಿನಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ.

ಡೀಲರನ್ನು ಕೇಳಬೇಕಾದ ಐದು ಪ್ರಶ್ನೆ

1. ನಮ್ಮ ಎತ್ತರಕ್ಕೆ ನಿಮಿಷಕ್ಕೆ ಎಷ್ಟು ಲೀಟರ್? ಕರ್ವ್ ತೋರಿಸಿ.
2. ನಮ್ಮ ಪೈಪಿಗೆ ಆ ವೇಗ ಸಾಕೇ?
3. ಗಂಟೆಗೆ ಎಷ್ಟು ಸಲ ಚಾಲೂ-ಬಂದ್ ಆಗಬಹುದು?
4. ಬ್ಲೇಡ್, ಸೀಲು, ಫ್ಲೋಟ್ ಪುಣೆಯಲ್ಲೇ ಸಿಗುತ್ತವೆಯೇ?
5. ಒಬ್ಬನೂ ಇಳಿಯದೆ ಪಂಪು ಹೊರಗೆ ತೆಗೆಯುವುದನ್ನು ನಮ್ಮ ಹುಡುಗರಿಗೆ ಮಾಡಿ ತೋರಿಸುತ್ತೀರಾ?

ಐದನೆಯದಕ್ಕೆ ಉತ್ತರ ಸರಿಯಾಗಿ ಬರದಿದ್ದರೆ ಮೊದಲ ನಾಲ್ಕಕ್ಕೆ ಎಷ್ಟು ಚೆನ್ನಾಗಿ ಉತ್ತರಿಸಿದರೂ ಆ ಪಂಪು ಕೊಳ್ಳಬೇಡಿ. ಈಗಾಗಲೇ ಪಂಪು ಇರುವವರು ಮಳೆಗಾಲಕ್ಕೆ ಮುಂಚೆ ಸರಪಳಿ, ಫ್ಲೋಟ್, ಅಲಾರಂ ಮೂರನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕಾಗಿ ವಿನಂತಿ.